ಲೇಟಮ್ಮನ ವಯಸ್ಸು

ಕುದುರೆ ಲಾಯದ ಅರ್ಧಬಾಗಿಲಿಗೆ ಠೀವಿಯಿಂದ ಒರಗಿ, ಪಕ್ಕದಲ್ಲಿದ್ದ ತರಬೇತುದಾರರಿಗೆ ಕುದುರೆಗಳ ಬಗ್ಗೆ ಎರಡು ಮಾತು ಹೇಳೋಣವೆಂದು ಬಾಯಿ ತೆರೆದೆ. ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಮಾತು ಹೊರಗುಳಿಯಿತು, ನಾನು ಒಳಗೆ, ಒದ್ದೆ ಹುಲ್ಲಿನ ಮೇಲೆ ಅಂಗಾತ. ಒದ್ದೆ ಏಕೆಂದು ವಿವರಿಸಬೇಕಿಲ್ಲ. ಕಂದು ಮೂತಿಯೊಂದು ಬಗ್ಗಿ ನನ್ನ ಬೋಳುತಲೆಯನ್ನು ಮೂಸಿ, ತಿನ್ನುವ ವಸ್ತುವಲ್ಲವೆಂದು ತೀರ್ಮಾನಿಸಿ, ಆಚೆ ತಿರುಗಿತು.

“ಏಳಿ ರಾಯರೇ, ಮಗು ಹೆದರ್ಕೊಳ್ಳುತ್ತೆ,” ಎಂದರು ಭಾವ.

ಭಾವ ಎಂದರೆ ನನ್ನ ಹೆಂಡತಿಯ ಅಣ್ಣ. ಆ ಲಾಯದಲ್ಲಿ ಕುದುರೆಗಳ ಮೈ ತಿಕ್ಕಿ, ಮೇವು ಹಾಕಿ, ನಡೆಸಿಕೊಂಡು ಬರುವ ಕೆಲಸ ಅವರದು. ಮಗು ಎಂದದ್ದು ಆ ಕಂದು ಹೆಣ್ಣುಮರಿಯನ್ನು. ಲಾಯದವರು ಇಟ್ಟ ಹೆಸರು ಲೇಟಮ್ಮ.

ಪಂದ್ಯದ ಕುದುರೆಗಳ ಲೆಕ್ಕವೇ ವಿಚಿತ್ರ. ಯಾವಾಗಲೇ ಹುಟ್ಟಲಿ, ವರ್ಷದ ಮೊದಲ ದಿನ ಎಲ್ಲಕ್ಕೂ ಒಟ್ಟಿಗೆ ವಯಸ್ಸು ಏರುತ್ತದೆ. ಜನವರಿಯಲ್ಲಿ ಹುಟ್ಟಿದವೂ ಮೇ ಕೊನೆಯಲ್ಲಿ ಹುಟ್ಟಿದ ಲೇಟಮ್ಮನೂ ಕಾಗದದ ಮೇಲೆ ಓರಗೆಯವರೇ. ನನ್ನ ವಯಸ್ಸಿನಲ್ಲಿ ನಾಲ್ಕೈದು ತಿಂಗಳು ಆಚೀಚೆಯಾದರೆ ನನ್ನ ಹೊಟ್ಟೆಗೂ ತಿಳಿಯದು. ಎರಡು ವರ್ಷದ ಕುದುರೆಗೆ ಅಷ್ಟೇ ತಿಂಗಳೆಂದರೆ ಎದೆಯ ಅಗಲ, ಮೊಣಕಾಲಿನ ಗಟ್ಟಿತನ, ಹೆಜ್ಜೆಯ ಉದ್ದ.

ಭಾವ ಮಾಲೀಕರ ಬೆನ್ನು ಹತ್ತಿದರು. “ಈ ವರ್ಷ ಓಡಿಸೋದು ಬೇಡ ಸಾರ್. ಇನ್ನೂ ಬೆಳೀತಿದ್ದಾಳೆ. ನಾಲ್ಕಾಗಲಿ, ಆಮೇಲೆ ನೋಡಿ ಅವಳನ್ನ.”

“ಅವಳಿಗೆ ನಾಲ್ಕಾಗೋ ಹೊತ್ತಿಗೆ ನಂಗೆ ಎಂಬತ್ತಾಗುತ್ತಪ್ಪ,” ಎಂದರು ಮಾಲೀಕರು. ಅದೂ ನ್ಯಾಯವೇ. “ಒಂದ್ಸಲ ಓಡಲಿ. ಮೊದಲ ಮೂರರಲ್ಲಿ ಬಂದ್ರೆ ಇರ್ತಾಳೆ. ಇಲ್ದಿದ್ರೆ ಮಾರಿಬಿಡೋಣ.”

ಓಡಿದಳು, ಅಕ್ಕನ ಚಪ್ಪಲಿ ಮೆಟ್ಟಿಕೊಂಡ ತಂಗಿಯ ಹಾಗೆ. ಕೊನೆಯ ಗೆರೆ ಹತ್ತಿರವಾದಾಗ ಮಾತ್ರ, ಉಳಿದವು ಏದುಸಿರು ಬಿಡುತ್ತಿದ್ದರೆ ಇವಳು ಆಗತಾನೆ ಎಚ್ಚರವಾದವಳಂತೆ ಮುನ್ನುಗ್ಗಿದಳು. ಐದನೆಯವಳಾದಳು. “ನೋಡಿದ್ರಾ,” ಎಂದು ಭಾವ ನನ್ನ ಮೊಣಕೈ ಹಿಸುಕಿದರು. ನೋಡಿದವರು ನಾವಿಬ್ಬರೇ. ಮರುವಾರ ದೂರದವರು ಯಾರೋ ಬಂದು ವ್ಯಾನಿಗೆ ಹತ್ತಿಸಿಕೊಂಡು ಹೋದರು.

ಆಮೇಲೆ ಬೇರೆ ಮರಿಗಳು ಬಂದವು, ಹೋದವು. ಆದರೆ ನಮ್ಮಲ್ಲಿ ಊಟಕ್ಕೆ ಬಂದಾಗ ಭಾವ ಕೈ ತೊಳೆಯುತ್ತಾ ಇದ್ದಕ್ಕಿದ್ದಂತೆ, “ಈಗ ಹೆಗಲು ತುಂಬ್ಕೊಂಡಿರತ್ತೆ,” ಎನ್ನುವರು. ಯಾರ ಹೆಗಲೆಂದು ನಾವು ಕೇಳುತ್ತಿರಲಿಲ್ಲ.

“ನನ್ನ ಮಕ್ಕಳು ಎಷ್ಟನೇ ಕ್ಲಾಸು, ಹೇಳು ನೋಡೋಣ,” ಎಂದು ನನ್ನ ಹೆಂಡತಿ ಅಣ್ಣನನ್ನು ರೇಗಿಸಿದರೆ, ತಟ್ಟೆ ನೋಡುತ್ತ ನಗುವರು.

ನಾಲ್ಕರ ವಯಸ್ಸಿನಲ್ಲಿ ಲೇಟಮ್ಮ ನಮ್ಮ ಮೈದಾನಕ್ಕೇ ಓಡಲು ಬಂದಳು. ಭಾವ ಇಸ್ತ್ರಿ ಅಂಗಿ ತೊಟ್ಟು ನನ್ನನ್ನೂ ಎಳೆದುಕೊಂಡು ಹೋದರು. ಬೇಲಿಯಾಚೆ, ಬೇರೊಬ್ಬನ ಕೈಯ ಹಗ್ಗದಲ್ಲಿ, ಮೈಯೆಲ್ಲ ಮಿರಮಿರ ಹೊಳೆಯುತ್ತ, ಎದೆ ಸೆಟೆಸಿ ಬಂದಳು. ಭಾವ ಅವಳನ್ನು ಕರೆಯುವಂತೆ ಮೆಲ್ಲಗೆ ಲೊಚಗುಟ್ಟಿದರು. ಅವಳ ಒಂದು ಕಿವಿ ಇತ್ತ ತಿರುಗಿತು, ನೊಣದ ಕಾಟಕ್ಕೂ ಇದ್ದೀತು. ನಿಲ್ಲದೆ ಮುಂದೆ ನಡೆದಳು.

ಅಂದು ಅವಳೇ ಗೆದ್ದಳು. ಜನ ಚದುರಿದರು. ಭಾವ ಬೇಲಿ ಹಿಡಿದು ನಿಂತೇ ಇದ್ದರು. ನನಗೆ ತಡೆಯಲಾಗಲಿಲ್ಲ.

“ಹೇಗೆ ಕಂಡಳು, ಭಾವ?”

“ವಯಸ್ಸಿಗೆ ಸರಿಯಾಗಿದ್ದಾಳೆ,” ಎಂದರು.