ಹೊಟ್ಟೆ ತುಂಬಿದ ಕೌದಿ

ಚಿತ್ರಕಲೆ ಕಲಿತು ಊರಿಗೆ ಮರಳಿದ ಹೊಸತು. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು, ನನಗೆ ನೆಲದ ಮೇಲೆ ಕಾಲೇ ನಿಲ್ಲುತ್ತಿರಲಿಲ್ಲ. ನಾವು ಐವರು ಕಲಾವಿದ ಗೆಳತಿಯರು ಹಳೆ ಬಟ್ಟೆ ಪದರ ಹೊಲಿದು ಮಾಡುವ ಕೌದಿಗೆ ಹೊಸ ರೂಪ ಕೊಟ್ಟು ನಿಪ್ಪಾಣಿಯಲ್ಲಿ ಪ್ರದರ್ಶನಕ್ಕಿಡುವುದು, ಮಾರಿ ಬಂದದ್ದರಲ್ಲಿ ಕಿವಿ ಕೇಳದ ಮಕ್ಕಳ ಶಾಲೆಯ ಸೋರುವ ಛಾವಣಿ ತೆಗೆಸಿ ಹೊಸದು ಹಾಕಿಸುವುದು ಎಂದು ನಿಶ್ಚಯಿಸಿದ್ದೆವು. ಅದು ಜನರ ಮುಂದಿಡುವ ನನ್ನ ಮೊದಲ ಕೆಲಸ. ಎಲ್ಲರದೂ ಹೋಗಿ ನನ್ನದೊಂದೇ ಉಳಿದರೆ ಏನು ಗತಿ ಎಂಬ ಪುಕುಪುಕು ಬೇರೆ.

ಕುಂಚ ಹಿಡಿದಷ್ಟು ಸಲೀಸಾಗಿ ಸೂಜಿ ಹಿಡಿಯಲು ಬರುತ್ತಿರಲಿಲ್ಲ. ಪಾಲಬಾವಿಯ ಸೋದರತ್ತೆಯ ಮನೆಗೆ ಓಡಿದೆ. ನನ್ನ ಕಲ್ಪನೆ ಹೀಗಿತ್ತು: ಅಪ್ಪನ ಬಿಳಿ ಧೋತರಗಳ ಮೇಲೆ ನೀಲಿ ಚಿಂದಿಯ ಹೊಳೆ, ನಡುವಿನಿಂದ ಹೊರಟು ಸುತ್ತುತ್ತಾ ಅಂಚಿಗೆ ಬರಬೇಕು. ನಕ್ಷೆ ಹಾಸಿ, "ನಡುವಿನಿಂದ ಹೊಲಿಗಿ ಸುರು ಮಾಡ್ರಿ ಅತ್ತಿ" ಎಂದೆ.

ಅತ್ತೆ ಬಾಯಿಗೆ ಸೆರಗು ಹಚ್ಚಿ ನಕ್ಕರು. "ಹುಚ್ಚಿ! ಕೌದಿ ಅಂಚಿನಿಂದ ಒಳಗ ಬರತೈತಿ. ನಡಬರಕ ಅದರ ಹೊಟ್ಟಿ. ಹೊಟ್ಟೀನ ಮೊದಲ ಹೊಲದ್ರ ಅದಕ್ಕ ಉಣ್ಣಾಕ ಹಾಕೂದು ಎಲ್ಲಿಂದ?"

ಕಡೆಯ ಗೇಣಗಲದ ಬಾಯಿ ಮುಚ್ಚುವ ಮೊದಲು ಒಳಗೆ ಹೋಳಿಗೆಯ ತುಣುಕು ಇಡಬೇಕಂತೆ. ಉಪವಾಸದ ಕೌದಿ ಹೊದ್ದರೆ ನಿದ್ದೆ ಹತ್ತುವುದಿಲ್ಲವಂತೆ. ನನಗೆ ರೇಗಿಹೋಯಿತು.

"ಇದನ್ನ ಯಾರೂ ಹೊಚ್ಚಿಕೊಳ್ಳೂದಿಲ್ರಿ. ಗ್ವಾಡಿಗೆ ಹಾಕ್ತಾರ."

"ಹಾಕ್ಲಿ. ಗ್ವಾಡಿಗೆ ಹಾಕಿದ ದೇವರಿಗೆ ನೈವೇದ್ಯ ಹಿಡಿಯೂದಿಲ್ಲೇನ ನಾವು?"

ಅತ್ತೆಯ ಮುಂದೆ ನನ್ನ ವಾದ ನಡೆಯಲಿಲ್ಲ. ಆದರೆ ಅಂಚಿನಿಂದ ಹೊಲಿಗೆ ಒಳಮುಖವಾಗಿ ಸುತ್ತಿ ನಡುವಿಗೆ ಬಂದಾಗ ನಾನು ದಂಗಾದೆ. ನನ್ನ ಹೊಳೆ ತಿರುಗಿಕೊಂಡು ಸುಳಿಯಾಗಿತ್ತು! ನಕ್ಷೆಗಿಂತ ಅದೇ ಚೆಂದವಿತ್ತು. ಖುಷಿಗೆ ಅತ್ತೆಯನ್ನು ಅಪ್ಪಿಕೊಂಡುಬಿಟ್ಟೆ. ಅವರು ಅದೇ ಸಮಯ ನೋಡಿ ಹೋಳಿಗೆ ಒಳಗಿಟ್ಟು ಬಾಯಿ ಹೊಲಿದರು.

ನಿಪ್ಪಾಣಿಯಲ್ಲಿ ಜನವೋ ಜನ. ಗೆಳತಿಯರ ನಾಲ್ಕು ಕೌದಿಗಳೂ ಮಧ್ಯಾಹ್ನದೊಳಗೆ ಹೋದವು. ನನ್ನದರ ಮೇಲೆ ಮಾತ್ರ ಕೆಂಪಿರುವೆಗಳು ಸಾಲುಗಟ್ಟಿ ಬಿಳಿ ಧೋತರ ಹತ್ತಿ ನೇರ ಹೊಟ್ಟೆಯತ್ತ ನಡೆದಿದ್ದವು. ಬಂದವರು ನೋಡಿ, ನಕ್ಕು ಮುಂದೆ ಹೋಗುತ್ತಿದ್ದರು. ಸಿಟ್ಟು, ಅಳು ಎರಡೂ ಒಟ್ಟಿಗೆ ಬಂದವು. ಹೊಲಿಗೆ ಬಿಚ್ಚಿ ಹೋಳಿಗೆ ಕಿತ್ತೆಸೆಯಲು ಕತ್ತರಿ ತಂದೆ.

ಆಗಲೇ ಅಥಣಿ ಕಡೆಯ ದ್ರಾಕ್ಷಿ ತೋಟದ ಹಿರಿಯರೊಬ್ಬರು ಬಂದು ನಿಂತರು. ಇರುವೆಯ ಸಾಲನ್ನೇ ಹಿಂಬಾಲಿಸಿ ಕೌದಿಯ ನಡುವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು.

"ಇದರ ಹೊಟ್ಟಿ ತುಂಬಿಸೀರೇನವಾ?"

"ಹೌದ್ರಿ... ನಮ್ಮತ್ತಿ..."

"ಹಂಗಾದ್ರ ಇದು ನನಗಿರ್ಲಿ. ನಮ್ಮವ್ವ ಹೋದ ಮ್ಯಾಲೆ ಉಂಡ ಕೌದಿ ಸಿಕ್ಕಿಲ್ಲ ನನಗ."

ಹಿಗ್ಗಿನಲ್ಲಿ ಗೋಡೆಗೆ ಹೇಗೆ ತೂಗುಹಾಕಬೇಕೆಂದು ವಿವರಿಸಹೊರಟೆ.

"ಗ್ವಾಡಿಗ್ಯಾಕ?" ಎಂದರು ಅವರು, ಇರುವೆಗಳನ್ನು ಮೆಲ್ಲಗೆ ಝಾಡಿಸುತ್ತಾ. "ಹೊಚ್ಚಿಕೊಂಡು ಮಲಗ್ತೀನಿ."

ನಾನು ಕತ್ತರಿಯನ್ನು ಸೆರಗಿನ ಮರೆಗೆ ಸರಿಸಿದೆ.