ಎರಡು ಹೆಜ್ಜೆಯ ಚೌಕಾಸಿ

ನನ್ನ ಮಾವನವರಿಗೆ ಚೌಕಾಸಿಯಲ್ಲಿ ಗೊತ್ತಿರುವುದು ಒಂದೇ ವಿದ್ಯೆ. ಆ ಒಂದರಲ್ಲೇ ಜೀವಮಾನವಿಡೀ ಗೆದ್ದಿದ್ದಾರೆ. ಉರ್ವ ಮಾರುಕಟ್ಟೆಯಲ್ಲಿ ಮೀನಿನ ಹೆಂಗಸು ಬಂಗುಡೆಗೆ ಇನ್ನೂರು ಎಂದರೆ ಇವರು ನೂರು ಎನ್ನುತ್ತಾರೆ. ಅವಳು ಮುಖ ತಿರುಗಿಸುತ್ತಾಳೆ. ಇವರು ಚೀಲ ಮಡಚಿ ಕಂಕುಳಲ್ಲಿಟ್ಟು ಎರಡು ಹೆಜ್ಜೆ ನಡೆಯುತ್ತಾರೆ. ಮೂರನೆಯ ಹೆಜ್ಜೆಗೆ ಕಾಲೆತ್ತುವ ಮೊದಲು ಅವಳು ಕರೆಯಬೇಕು, ಕರೆಯುತ್ತಾಳೆ ಕೂಡ. ಮದುವೆಯಾಗಿ ಬಂದ ಹೊಸತರಲ್ಲಿ ನಾನು ನಾಚಿಕೆಯಿಂದ ತರಕಾರಿ ಸಾಲಿನ ಕಡೆ ಹೋಗಿ ನಿಲ್ಲುತ್ತಿದ್ದೆ. ಗಂಡ ದುಬೈಗೆ ಕೆಲಸಕ್ಕೆ ಹೋದ ಮೇಲೆ ಮಾವನನ್ನು ಸ್ಕೂಟರಿನಲ್ಲಿ ಮಾರುಕಟ್ಟೆಗೆ ಕರೆದೊಯ್ಯುವುದು ನನ್ನ ಪಾಲಿಗೆ ಬಂತು. ಈಗ ನಾನೇ ಪಕ್ಕದಲ್ಲಿ ನಿಂತು ಹೆಜ್ಜೆ ಎಣಿಸುತ್ತೇನೆ.

ನಮ್ಮ ಮನೆಗೆ ಚೌಕಾಸಿಯಿಲ್ಲದೆ ಬಂದದ್ದು ನಾಯಿ ಒಂದೇ. ಒಂದು ಬೆಳಿಗ್ಗೆ ನೋಡಿದರೆ ಗೇಟಿನೊಳಗೆ ಕೂತಿತ್ತು. ಕಂದು ಬಣ್ಣದ ಊರನಾಯಿ, ಒಂದು ಕಿವಿ ಮಡಚಿಕೊಂಡಿತ್ತು. ಮಾವ ಅಂದೇ ಕಾನೂನು ಮಾಡಿದರು: ಹೆಸರಿಡಬಾರದು. ಹೆಸರಿಟ್ಟರೆ ಅದು ನಮ್ಮದಾಗುತ್ತದೆ, ನಮ್ಮದಾದರೆ ಖರ್ಚೂ ನಮ್ಮದು. ನಾವು ಸಾಕಿದ್ದಲ್ಲ, ಅದೇ ಬಂದು ಕೂತದ್ದು ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಹಾಗಾಗಿ ನನಗೂ ಅತ್ತೆಗೂ ಅದು ಬರೀ ನಾಯಿ. ಮಾವನಿಗೆ ಯಾವಾಗಲೂ ‘ಆ ನಾಯಿ’, ಪಕ್ಕದ ಮನೆಯದರ ವಿಷಯ ಹೇಳುವ ಹಾಗೆ.

ಭಾನುವಾರ ಮಾತ್ರ ಮಾವ ನನ್ನ ಸ್ಕೂಟರು ಹತ್ತುವುದಿಲ್ಲ. ಅಂದು ಸಿಟಿ ಬಸ್ಸಿನಲ್ಲಿ ಕೂಳೂರಿಗೆ ಹೋಗಿ ಸೇತುವೆಯ ಹತ್ತಿರ ಹೊಳೆಗೆ ಗಾಳ ಹಾಕಿ ಕೂರುತ್ತಾರೆ. ಸಿಕ್ಕುವ ಮೀನಿಗಿಂತ ಬಸ್ಸಿನ ಟಿಕೆಟು ಉದ್ದ ಇರುತ್ತದೆ ಎಂದು ಅತ್ತೆ ಹೇಳುವುದುಂಟು. ಗಾಳಕ್ಕೆ ಸಿಕ್ಕಿಸಲು ಎಟ್ಟಿ ಒಯ್ಯುತ್ತಾರೆ. ಎಟ್ಟಿ ಎಂದರೆ ಸಿಗಡಿ. ಅಡುಗೆಗೆ ಅದು ಬರುವುದು ನೆಂಟರು ಬಂದಾಗ ಮಾತ್ರ. ಬೇರೆ ದಿನ ಅದರ ರೇಟು ಕೇಳಿದರೇ ಮಾವನಿಗೆ ತಲೆ ತಿರುಗುತ್ತದೆ. ಗಾಳಕ್ಕೆ ಹಾಕಿ ಉಳಿದದ್ದು ಎಲ್ಲಿಗೆ ಹೋಗುತ್ತದೆ ಎಂದು ಅತ್ತೆ ಒಮ್ಮೆ ಕೇಳಿದಾಗ, ಹೊಳೆಗೆ ಎಂದಿದ್ದರು.

ಅಂಥ ಒಂದು ಭಾನುವಾರದ ಮರುದಿನ ಬೆಳಿಗ್ಗೆ ನಾಯಿ ಅನ್ನ ಮುಟ್ಟಲಿಲ್ಲ. ಬೂತಾಯಿ ಮೀನಿನ ತಲೆ ಹಾಕಿ ಕಲಸಿದ ಅನ್ನ, ಅದಕ್ಕೆ ಪ್ರಾಣ. ಬಾಯಿಂದ ಜೊಲ್ಲು ಸುರಿಯುತ್ತಿತ್ತು. ಮತ್ತೆ ಮತ್ತೆ ಕತ್ತು ಚಾಚಿ ಏನನ್ನೋ ನುಂಗಲು ನೋಡುತ್ತಿತ್ತು. ನಮ್ಮ ಮನೆಯಲ್ಲಿ ಮನುಷ್ಯರಿಗೇ ಮೂರು ದಿನ ಕಷಾಯ, ನಾಲ್ಕನೆಯ ದಿನ ಡಾಕ್ಟರು. ಮಾವ ತಮ್ಮ ಹಲ್ಲುನೋವನ್ನು ಎರಡು ಮಳೆಗಾಲ ಲವಂಗದಲ್ಲೇ ಕಳೆದವರು. ಆದ್ದರಿಂದ ಅವರು ಅರ್ಧ ಲೋಟ ಚಹಾ ಬಿಟ್ಟು ಎದ್ದು ಬಂದು, “ಮಗಾ, ಸ್ಕೂಟರ್ ತೆಗಿ” ಎಂದಾಗ ನಾನು ಅತ್ತೆಯ ಮುಖ ನೋಡಿದೆ, ಅತ್ತೆ ನನ್ನ ಮುಖ ನೋಡಿದರು. ನಾಯಿಯನ್ನು ತಾವು ಮೈ ಒರೆಸುವ ಬೈರಾಸಿನಲ್ಲೇ ಸುತ್ತಿ, ಮಗುವಿನ ಹಾಗೆ ಎದೆಗವಚಿಕೊಂಡು ಮಾವ ಹಿಂದೆ ಕೂತರು.

ಕ್ಲಿನಿಕ್ಕಿನ ಮೇಜಿನ ಹಿಂದೆ ಕೂತ ಹುಡುಗಿ ನಾಯಿಯ ಹೆಸರು ಕೇಳಿದಳು. ನಾಯಿ ಎಂದರು ಮಾವ. ಅವಳು ಹಾಗೆಯೇ ಬರೆದುಕೊಂಡು ಓನರ್ ಯಾರು ಎಂದು ಕೇಳಿದಳು. ಅದಕ್ಕೆ ಓನರ್ ಇಲ್ಲ ಎಂದರು. ಪಕ್ಕದ ಕುರ್ಚಿಯಲ್ಲಿ ರಿಬ್ಬನ್ ಕಟ್ಟಿಸಿಕೊಂಡು ಕೂತಿದ್ದ ಬಿಳಿಯ ನಾಯಿಯೂ ತಲೆಯೆತ್ತಿ ನಮ್ಮನ್ನು ನೋಡಿತು. ಮರ್ಯಾದೆ ಉಳಿಸಲು ನಾನು ನನ್ನ ಹೆಸರು ಕೊಟ್ಟೆ.

ಡಾಕ್ಟರು ಚಿಕ್ಕ ವಯಸ್ಸಿನವಳು. ನಾಯಿಯ ಕತ್ತು, ಹೊಟ್ಟೆ ಒತ್ತಿ ನೋಡಿ, ಮೂಳೆಗೀಳೆ ಏನಾದರೂ ನುಂಗಿತ್ತೇ ಎಂದು ವಿಚಾರಿಸಿದಳು. ಮೀನು ಅನ್ನ ಬಿಟ್ಟು ಬೇರೇನೂ ಹಾಕಿಲ್ಲ ಎಂದು ನಾನು ಹೇಳಿದೆ. ಮಾವ ಗೋಡೆಯ ಮೇಲಿದ್ದ ಹೊಟ್ಟೆಹುಳದ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡುತ್ತ, ಒಮ್ಮೆ ತಮ್ಮ ಷರ್ಟಿನ ಜೇಬು ಮುಟ್ಟಿಕೊಂಡರು. ಹಣ ಉಂಟಾ ಎಂದು ನೋಡಿಕೊಂಡರೆಂದು ನಾನು ತಿಳಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಗಾದೆ ನನಗೆ ಆಗ ಹೊಳೆಯಲಿಲ್ಲ.

ವಿಷ ಇರಬಹುದು, ಸೋಂಕು ಇರಬಹುದು, ಗಂಟಲಲ್ಲಿ ಏನಾದರೂ ಸಿಕ್ಕಿರಲೂಬಹುದು, ಎಲ್ಲ ನೋಡಬೇಕಾಗುತ್ತದೆ ಎಂದು ಡಾಕ್ಟರು ಒಂದು ಕಾಗದದಲ್ಲಿ ಬರೆಯುತ್ತ ಹೋದಳು. ಎರಡು ಬಗೆಯ ರಕ್ತ ಪರೀಕ್ಷೆ, ಸ್ಕ್ಯಾನಿಂಗ್, ಎಕ್ಸ್‌ರೇ, ಡ್ರಿಪ್, ಬೇಕಾದರೆ ಅರಿವಳಿಕೆ. ಕೆಳಗೆ ಗೆರೆ ಎಳೆದಾಗ ಹನ್ನೊಂದು ಸಾವಿರ ಆಗಿತ್ತು. ಮಾವ ಕಣ್ಣು ಮಿಟುಕಿಸದೆ ಐದು ಎಂದರು.

“ಅಂಕಲ್, ಇಲ್ಲಿ ಹಾಗೆಲ್ಲ ಆಗುದಿಲ್ಲ” ಎಂದಳು ಡಾಕ್ಟರು.

ಮಾವ ನಾಯಿಯನ್ನು ಬೈರಾಸಿನಲ್ಲಿ ಸುತ್ತಿ ಎತ್ತಿಕೊಂಡರು. ಬಾಗಿಲ ಕಡೆ ತಿರುಗಿದರು. ನಾನು ಅಭ್ಯಾಸಬಲದಿಂದ ಎಣಿಸಿದೆ. ಒಂದು. ಎರಡು. ಡಾಕ್ಟರು ನಲ್ಲಿ ತಿರುಗಿಸಿ ಕೈ ತೊಳೆಯತೊಡಗಿದಳು. ಯಾರೂ ಕರೆಯಲಿಲ್ಲ. ಮಾವ ಅಲ್ಲೇ ನಿಂತರು, ಬೆನ್ನು ನಮ್ಮ ಕಡೆಗೆ, ಕಿವಿ ಮಾತ್ರ ಹಿಂದಕ್ಕೆ. ನಾಯಿ ಮತ್ತೊಮ್ಮೆ ಕತ್ತು ಚಾಚಿ ನುಂಗಲು ನೋಡಿ ಸಣ್ಣಗೆ ಕುಂಯ್ ಎಂದಿತು. ಆ ಗಳಿಗೆಯಲ್ಲಿ ನನಗೆ ಮಾವನ ಮೇಲೆ ಬಂದಷ್ಟು ಸಿಟ್ಟು ಯಾವತ್ತೂ ಯಾರ ಮೇಲೂ ಬಂದಿಲ್ಲ. ನನ್ನ ಬಳೆ ಅಡವಿಟ್ಟಾದರೂ ಹಣ ಕಟ್ಟುತ್ತೇನೆ, ಈ ಮನುಷ್ಯನನ್ನು ಇಲ್ಲೇ ಬಿಟ್ಟು ನಾಯಿಯ ಜೊತೆ ಮನೆಗೆ ಹೋಗುತ್ತೇನೆ ಎಂದುಕೊಂಡೆ.

ಅಷ್ಟರಲ್ಲಿ ಅವರು ಹಿಂದೆ ಬಂದರು. ಕರೆಯದೆ ಅವರು ಹಿಂದೆ ಬಂದದ್ದನ್ನು ನಾನು ನೋಡಿದ್ದು ಅದೇ ಮೊದಲು. ನಾಯಿಯನ್ನು ಮೇಜಿನ ಮೇಲೆ ಮಲಗಿಸಿ ಷರ್ಟಿನ ಜೇಬಿನಿಂದ ಒಂದು ಥರ್ಮಾಕೋಲ್ ತುಂಡು ತೆಗೆದಿಟ್ಟರು. ಅದರಲ್ಲಿ ಸಾಲಾಗಿ ಆರು ಗಾಳ ಚುಚ್ಚಿತ್ತು. ಏಳನೆಯದರ ಜಾಗದಲ್ಲಿ ತೂತು ಮಾತ್ರ ಇತ್ತು.

“ರಕ್ತ ಪರೀಕ್ಷೆ ಎಲ್ಲ ಬೇಡ ಡಾಕ್ಟ್ರೇ. ಗಾಳ ನುಂಗಿದೆ. ನಾನೇ ತಿನ್ನಿಸಿದ್ದು.”

ಪ್ರತಿ ಭಾನುವಾರ ಸಂಜೆ ನಾಯಿ ಗೇಟಿನ ಹತ್ತಿರ ಕಾಯುತ್ತದಂತೆ. ಉಳಿದ ಎಟ್ಟಿಯನ್ನು ಹೊರಗಿನ ನಲ್ಲಿಯಲ್ಲಿ ತೊಳೆದು, ಅತ್ತೆಗೆ ಕಾಣದ ಹಾಗೆ ಒಂದೊಂದಾಗಿ ಬಾಯಿಗೆ ಕೊಡುವುದಂತೆ. ಹಿಂದಿನ ದಿನ ಮಳೆ ಬರುವ ಹಾಗಿತ್ತು, ಅವಸರದಲ್ಲಿ ನೂಲು ಕತ್ತರಿಸುವಾಗ ಎಟ್ಟಿಯೊಂದು ಗಾಳದ ಸಮೇತ ಚೀಲಕ್ಕೆ ಬಿದ್ದಿತ್ತು. ಸಂಜೆ ಲೆಕ್ಕ ನೋಡುವಾಗ ಒಂದು ಕಡಿಮೆ. ಇಷ್ಟನ್ನೂ ಮಾವ ಹುಳದ ಚಿತ್ರಕ್ಕೇ ಹೇಳಿದರು, ನಮ್ಮ ಕಡೆ ನೋಡಲಿಲ್ಲ.

ಡಾಕ್ಟರು ಚೆನ್ನಾಗಿ ಬೈದಳು. ಬಂದ ಕೂಡಲೇ ಹೇಳಿದ್ದರೆ ಇಷ್ಟು ಹೊತ್ತಿಗೆ ತೆಗೆದಾಗುತ್ತಿತ್ತು ಎಂದಳು. ಬೈಯುತ್ತಲೇ ಕಾಗದದ ಮೇಲೆ ರಕ್ತ ಪರೀಕ್ಷೆಗೆ ಅಡ್ಡಗೆರೆ, ಸ್ಕ್ಯಾನಿಂಗಿಗೆ ಅಡ್ಡಗೆರೆ. ಉಳಿದದ್ದು ಐದು ಸಾವಿರದ ಎಂಟು ನೂರು. ಚೌಕಾಸಿಗೆ ಇಳಿಯದ ರೇಟು ಸತ್ಯಕ್ಕೆ ಇಳಿದಿತ್ತು. ಜೀವಮಾನದ ಅತಿ ದೊಡ್ಡ ರಿಯಾಯಿತಿ, ಮಾವ ಅದರ ಕಡೆ ಕಣ್ಣೂ ಹಾಯಿಸಲಿಲ್ಲ.

“ಬದುಕ್ತದಾ?” ಎಂದು ಮಾತ್ರ ಕೇಳಿದರು.

ಗಾಳ ಎಲ್ಲಿ ಕಚ್ಚಿದೆ ಎಂದು ನೋಡದೆ ಹೇಳಲಾಗುವುದಿಲ್ಲ ಎಂದಳು ಡಾಕ್ಟರು. ಒಂದು ಗಂಟೆ ನಾವು ಹೊರಗಿನ ಬೆಂಚಿನಲ್ಲಿ ಕೂತೆವು. ಮಾವ ಖಾಲಿ ಬೈರಾಸನ್ನು ಮಡಚುವುದು, ಬಿಡಿಸುವುದು, ಮತ್ತೆ ಮಡಚುವುದು. ನನ್ನ ಸಿಟ್ಟು ಇಳಿದಿತ್ತು, ಹೆದರಿಕೆ ಉಳಿದಿತ್ತು. ಕೊನೆಗೆ ಡಾಕ್ಟರು ಒಂದು ಸಣ್ಣ ಬಾಟಲಿ ಹಿಡಿದು ಬಂದಳು. ಒಳಗೆ ಏಳನೆಯ ಗಾಳ. ಗಂಟಲಿನಿಂದ ಸ್ವಲ್ಪವೇ ಕೆಳಗೆ ಕಚ್ಚಿಕೊಂಡಿತ್ತು, ಬಾಯಿಯ ಮೂಲಕವೇ ಬಂತು, ತೊಂದರೆ ಇಲ್ಲ ಎಂದಳು. ಮಾವ ಬೈರಾಸಿನಲ್ಲಿ ಮುಖ ಮುಚ್ಚಿಕೊಂಡರು. ಸ್ವಲ್ಪ ಹೊತ್ತು ತೆಗೆಯಲೇ ಇಲ್ಲ.

ಮನೆಗೆ ಬಂದು ಎಲ್ಲ ಹೇಳಿದಾಗ ಅತ್ತೆ ಬಿಲ್ಲಿನ ಬಗ್ಗೆ ಒಂದು ಮಾತೂ ಆಡಲಿಲ್ಲ. “ನಮಗಿಲ್ಲದ ಎಟ್ಟಿ ಅದಕ್ಕೆ ವಾರ ವಾರ ಉಂಟಾ?” ಎಂದು ಕೇಳಿ ಒಳಗೆ ಹೋದರು. ನಾಯಿಗೆ ಡಾಕ್ಟರು ಹೇಳಿದ್ದು ಹತ್ತು ದಿನ ತೆಳು ಗಂಜಿ. ಆ ಹತ್ತು ದಿನವೂ ಮಾವನ ಬಟ್ಟಲಿಗೆ ಬಿದ್ದದ್ದು ಅದೇ ಪಾತ್ರೆಯ ಗಂಜಿ. ಅವರು ತಲೆ ತಗ್ಗಿಸಿ ಉಂಡರು.

ಹನ್ನೊಂದನೆಯ ದಿನ ಮಾರುಕಟ್ಟೆಗೆ ಹೋದೆವು. ಮಾವ ನೇರವಾಗಿ ಎಟ್ಟಿಯ ಬುಟ್ಟಿಯ ಮುಂದೆ ನಿಂತು ಒಂದು ಕಿಲೋ ಎಂದರು. ಮೀನಿನ ಹೆಂಗಸು ಎಂದಿನಂತೆ ಎರಡು ಪಾಲು ಏರಿಸಿ ರೇಟು ಹೇಳಿದಳು. ಮಾವ ಜೇಬಿಗೆ ಕೈ ಹಾಕಿ ಅಷ್ಟನ್ನೂ ಕೊಟ್ಟು, ಚೀಲ ಎತ್ತಿಕೊಂಡು ನಡೆದರು. ಒಂದು. ಎರಡು. ಅವಳು ಗಾಬರಿಯಿಂದ ಕರೆದಳು. ಮೈಗೆ ಹುಷಾರಿಲ್ಲವೇ ಎಂದು ತುಳುವಿನಲ್ಲಿ ಕೇಳಿದಳು.

“ನನಗಲ್ಲ” ಎಂದರು ಮಾವ. “ನಮ್ಮ ನಾಯಿಗೆ ಹುಷಾರಿರಲಿಲ್ಲ.”

ಅವಳು ಚೀಲಕ್ಕೆ ಇನ್ನೂ ಒಂದು ಹಿಡಿ ಎಟ್ಟಿ ಹಾಕಿದಳು. ಮಾವ ಅದಕ್ಕೂ ಹಣ ತೆಗೆದರು. ಅವಳು ಮುಟ್ಟಲಿಲ್ಲ.