ರಿವರ್ಸ್ ಬಾರದವನ ಕೊಂಕಣ ಯಾತ್ರೆ

ಆರು ವರ್ಷ ಕಾರು ಓಡಿಸಿದವನಿಗೆ ರಿವರ್ಸ್ ಬರುವುದಿಲ್ಲವೆಂದರೆ ಯಾರೂ ನಂಬುವುದಿಲ್ಲ. ಕೋಪರಖೈರಣೆಯಲ್ಲಿ ನಮ್ಮ ಹೌಸಿಂಗ್ ಸೊಸೈಟಿಯ ಪಾರ್ಕಿಂಗ್ ನೋಡಿದವರು ಮಾತ್ರ ನಂಬುತ್ತಾರೆ. ಅಲ್ಲಿ ಎರಡು ಕಂಬಗಳ ನಡುವೆ ನನಗೆ ಸಿಕ್ಕಿದ್ದ ಜಾಗಕ್ಕೆ ಕಾರು ನೇರವಾಗಿ ನುಗ್ಗುತ್ತಿತ್ತು. ಹೊರಗೆ ಬರಬೇಕೆಂದರೆ ಹಿಂದಕ್ಕೇ ಬರಬೇಕು. ಕಾರು ತಂದ ಮೊದಲ ವಾರವೇ ಎಡಗಡೆಯ ಕನ್ನಡಿ ಕಂಬಕ್ಕೆ ಬಡಿದು ಪುಡಿಯಾಯಿತು. ಅದನ್ನು ಕಂಡ ವಾಚ್‌ಮನ್, ಕಲಬುರಗಿ ಕಡೆಯವರು, ಹಿಂದೆ ತುರ್ಭೆಯಲ್ಲಿ ಟೆಂಪೊ ಓಡಿಸಿದವರು, "ಸಾಹೇಬ್ರ, ಕೀಲಿ ಇಲ್ಲಿ ಕೊಡ್ರಿ, ನಾ ತಗದ ಕೊಡ್ತೀನಿ" ಎಂದರು. ಕೊಟ್ಟೆ. ಆಮೇಲೆ ದಿನವೂ ಕೊಟ್ಟೆ. ನಾನು ಇಸ್ತ್ರಿ ಅಂಗಿ ತೊಟ್ಟು ಕೆಳಗಿಳಿಯುವಷ್ಟರಲ್ಲಿ ಕಾರು ಗೇಟಿಗೆ ಮುಖ ಮಾಡಿ ನಿಂತಿರುತ್ತಿತ್ತು. ಹೀಗೆ ನಾನು ಬರೀ ಮುಂದಕ್ಕೆ ಹೋಗುವ ಗಂಡಸಾದೆ.

ನನ್ನ ಹೆಂಡತಿಯದು ಬೇರೆ ಕಥೆ. ಅವಳು ಮೈಸೂರಿನಲ್ಲಿ ತನ್ನ ಅಪ್ಪನ ಹಳೆಯ ಕಾರಿನಲ್ಲಿ ಕಲಿತವಳು. ಅವಳ ಲೈಸೆನ್ಸು ನನ್ನದಕ್ಕಿಂತ ಹಳೆಯದು. "ಒಂದ್ಸಲ ನನಗೂ ಕೊಡ್ರೀ" ಎಂದು ಕೇಳಿದಾಗಲೆಲ್ಲ, "ಇದು ಮೈಸೂರಲ್ಲಮ್ಮ, ಇಲ್ಲಿನ ಟ್ರಾಫಿಕ್ ಬೇರೆ" ಎನ್ನುತ್ತಿದ್ದೆ. ಭಾನುವಾರ ಬೆಳಿಗ್ಗೆ, ರಸ್ತೆಯಲ್ಲಿ ನಾಯಿಗಳು ಮಾತ್ರ ಮಲಗಿರುವಾಗಲೂ ಅದೇ ಮಾತು.

ಆರನೆಯ ವರ್ಷದ ಡಿಸೆಂಬರಿನಲ್ಲಿ ಅತ್ತೆ ಮೈಸೂರಿನಿಂದ ಬಂದರು. ಸಮುದ್ರದ ನಡುವೆ ಕೋಟೆ ಇದೆಯಂತಲ್ಲ, ತೋರಿಸಿ ಎಂದರು. ಪನ್ವೇಲ್, ಪೇಣ್, ಮುರುಡ್, ಅಲ್ಲಿಂದ ಖಾಡಿ, ಅಂದರೆ ಸಮುದ್ರದ ಹಿನ್ನೀರು, ದಾಟಿ ಹರಿಹರೇಶ್ವರ ಎಂದು ಮೂರು ದಿನದ ಪ್ರವಾಸ ಗೊತ್ತಾಯಿತು. ಹೊರಡುವ ಹಿಂದಿನ ದಿನ ಹೆಂಡತಿ, "ಖಾಡಿ ದಾಟಿದ ಮೇಲಿನ ಘಾಟು ನಾನು ಓಡಿಸ್ತೀನಿ" ಎಂದಳು. "ನೋಡೋಣ" ಎಂದೆ. ನಮ್ಮ ಮನೆಯಲ್ಲಿ ನೋಡೋಣ ಎಂದರೆ ಇಲ್ಲ ಎಂದೇ ಅರ್ಥ. ಅದು ಅವಳಿಗೂ ಗೊತ್ತಿತ್ತು.

ಮೊದಲ ದಿನ ನನ್ನ ದರ್ಬಾರು ಚೆನ್ನಾಗಿಯೇ ನಡೆಯಿತು. ಎಡಕ್ಕೆ ಬೆಟ್ಟ, ಬಲಕ್ಕೆ ಸಮುದ್ರ, ಹಿಂದಿನ ಸೀಟಿನಲ್ಲಿ ಪುಳಿಯೋಗರೆ ಡಬ್ಬಿಯೊಂದಿಗೆ ಅತ್ತೆ. "ಅಳಿಯಂದಿರ ಕೈ ಬಲು ನಿಧಾನ" ಎಂದು ಅವರು ಹೊಗಳಿದಾಗ ಮೀಸೆ ತಿರುವಲು ನನಗೆ ಮೀಸೆಯಿರಲಿಲ್ಲ. ಹೆಂಡತಿ ಕಿಟಕಿಯಾಚೆ ದ್ವೀಪಗಳನ್ನು ನೋಡುತ್ತಿದ್ದಳು.

ಮರುದಿನ ಕೋಟೆ ನೋಡಿ ಖಾಡಿಯ ದಂಡೆಗೆ ಬಂದೆವು. ಕಾರುಗಳನ್ನು ಹೊತ್ತು ಆಚೆ ದಡಕ್ಕೆ ಸಾಗಿಸುವ ಬೋಟು ನಿಂತಿತ್ತು. ನನ್ನ ಸರದಿ ಬಂದಾಗ ಬೋಟಿನ ಹುಡುಗನೊಬ್ಬ ಕೈ ಬೀಸಿ, "ಉಲಟೀ ಘ್ಯಾ!" ಎಂದ. ಕಾರನ್ನು ಹಿಂದುಮುಂದಾಗಿ ಬೋಟಿಗೆ ಹತ್ತಿಸಬೇಕಂತೆ, ಆಚೆ ನೇರ ಇಳಿಯಲು ಅನುಕೂಲವಂತೆ. ಎರಡು ಸಲ ಪ್ರಯತ್ನಪಟ್ಟೆ; ಎರಡು ಸಲವೂ ಕಾರು ಬೋಟನ್ನು ಬಿಟ್ಟು ನೀರಿನ ಕಡೆ ಹೊರಟಿತು. ಅತ್ತೆ ಗಟ್ಟಿಯಾಗಿ ರಾಮನಾಮ ಶುರುಮಾಡಿದರು. ಕೊನೆಗೆ ಹುಡುಗ, "ಉತರಾ ಸಾಹೇಬ್, ಮೀ ಘೇತೋ" ಎಂದು ನನ್ನನ್ನಿಳಿಸಿ ತಾನೇ ಹತ್ತಿಸಿದ.

"ಇಲ್ಲಿ ಪಾಚಿ ಜಾಸ್ತಿ, ಎಲ್ಲರದ್ದೂ ಅವರೇ ಹತ್ತಿಸ್ತಾರೆ" ಎಂದು ಅತ್ತೆಗೆ ವಿವರಿಸಿದೆ. ನಮ್ಮ ಹಿಂದಿನ ಕಾರಿನವರು ತಾವೇ ಹತ್ತಿಸಿಕೊಂಡು ಬಂದು ನಮ್ಮ ಪಕ್ಕದಲ್ಲೇ ನಿಂತರು. ಆಚೆ ಇಳಿದ ಮೇಲೆ ಹೆಂಡತಿ ಕೀಲಿಗಾಗಿ ಕೈ ಚಾಚಿದಳು. "ಘಾಟು ಕಡಿದಾಗಿದೆ, ಅಮ್ಮ ಬೇರೆ ಇದ್ದಾರೆ" ಎಂದು ನಾನೇ ಕೂತೆ. ಇಷ್ಟಾದ ಮೇಲೂ ಕೂತೆನಲ್ಲ, ಅದು ಬರೀ ಸೊಕ್ಕು.

ಘಾಟು ಅರ್ಧ ಹತ್ತಿರಬೇಕು. ತಿರುವಿನಿಂದ ಕೆಂಪು ಬಸ್ಸು ಇಳಿದು ಬಂತು, ಬೆನ್ನಿಗೆ ಎರಡು ಟೆಂಪೊ. ರಸ್ತೆ ಒಂದೇ ಗಾಡಿಗೆ ಸಾಕಾಗುವಷ್ಟು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಂದಕ, ಕೆಳಗೆ ಸಮುದ್ರ. ನಮ್ಮ ಹಿಂದೆ ಐವತ್ತು ಹೆಜ್ಜೆ ದೂರದಲ್ಲಿ ಸ್ವಲ್ಪ ಅಗಲ ಜಾಗವಿತ್ತು. "ಓ ಸಾಹೇಬ್, ಮಾಗೇ ಘ್ಯಾ ನಾ!" ಎಂದು ಬಸ್ಸಿನ ಡ್ರೈವರ್ ಹಿಂದಕ್ಕೆ ಹೋಗಲು ಕೂಗಿದ. ಬಸ್ಸಿನ ಕಿಟಕಿಗಳ ತುಂಬ ತಲೆಗಳು ನನ್ನನ್ನೇ ನೋಡುತ್ತಿದ್ದವು.

ಹ್ಯಾಂಡ್‌ಬ್ರೇಕ್ ಎಳೆದು ಹೆಂಡತಿಗೆ, "ಬೇಕಾದ್ರೆ ನೀನು ಓಡಿಸು" ಎಂದೆ.

"ನನಗೆ ಬೇಕಾಗಿಲ್ಲ" ಎಂದಳು. "ನಿಮಗೆ ಬೇಕಾ?"

ಬಸ್ಸು ಹಾರ್ನು ಹೊಡೆಯಿತು. ಅತ್ತೆಯ ರಾಮನಾಮವೂ ನಿಂತಿತು, ಉತ್ತರ ಕೇಳಲೆಂದು.

"ಬೇಕು" ಎಂದೆ. "ನನಗೆ ರಿವರ್ಸ್ ಬರಲ್ಲ."

ನಾನಿಳಿದೆ, ಅವಳು ಸ್ಟಿಯರಿಂಗಿಗೆ ಬಂದಳು. ಅವಳು ಕನ್ನಡಿಯನ್ನು ತನಗೆ ತಕ್ಕಂತೆ ತಿರುಗಿಸಿಕೊಂಡು, ಕುತ್ತಿಗೆ ಹೊರಳಿಸಿ, ಒಂದೇ ಸಲಕ್ಕೆ ಕಾರನ್ನು ಹಿಂದಕ್ಕೆ ತಂದು ಬಂಡೆಗೆ ಅಂಟಿಸಿ ನಿಲ್ಲಿಸಿದಳು. ನಾನು ಸುಮ್ಮನಿರಲಾರದೆ ಕೆಳಗೆ ನಿಂತು "ಬರಲಿ, ಬರಲಿ" ಎಂದು ಕೈ ಆಡಿಸುತ್ತಿದ್ದೆ. ಅವಳು ನನ್ನ ಕಡೆ ನೋಡಲೂ ಇಲ್ಲ. ಬಸ್ಸಿನ ಡ್ರೈವರ್ ಅವಳಿಗೆ ಕೈಯೆತ್ತಿ ಸಲಾಮು ಹೊಡೆದು ಇಳಿದುಹೋದ. ನಾನು ಅಭ್ಯಾಸಬಲದಿಂದ ಡ್ರೈವರ್ ಬಾಗಿಲಿಗೆ ಹೋಗಿ ನಿಂತೆ. ಅವಳು ಗಾಜು ಇಳಿಸಿ, "ಆ ಕಡೆ ಬನ್ನಿ" ಎಂದಳು. ಹೋದೆ.

ಘಾಟು ಮುಗಿದು ಮೇಲೆ ಬಂದಾಗ ಕೆಳಗಿನ ಸಮುದ್ರವೆಲ್ಲ ಒಟ್ಟಿಗೆ ಕಂಡಿತು. ಆಗ ಕೇಳಿದಳು: "ಆರು ವರ್ಷ ಯಾಕೆ ಕೊಡಲಿಲ್ಲ? ನಾನು ಎಲ್ಲಾದ್ರೂ ಗುದ್ದಿಬಿಡ್ತೀನಿ ಅಂತ ಭಯಾನಾ?"

ಸುಳ್ಳು ಹೇಳಬಹುದಿತ್ತು, ಆದರೆ ಮನಸ್ಸು ಬರಲಿಲ್ಲ. "ಅಲ್ಲ, ಎಲ್ಲೂ ಗುದ್ದಲ್ಲ ಅಂತ" ಎಂದೆ.

"ಅದು ಗೊತ್ತಿತ್ತು" ಎಂದಳು, ರಸ್ತೆಯಿಂದ ಕಣ್ಣು ತೆಗೆಯದೆ. "ನಿಮ್ಮ ಬಾಯಿಂದ ಕೇಳಬೇಕಿತ್ತು."